ತಲೆ ಅಲ್ಲಾಡಿಸುವ ಜೀಪು

ತೇರಿಗೆ ಚುಕ್ಕಾಣಿ ಇಲ್ಲ. ಹಾವೇರಿ ಸೀಮೆಯ ಯಾವ ಊರಿನ ಜಾತ್ರೆಗೆ ಹೋದರೂ ಇದನ್ನು ಕಣ್ಣಾರೆ ಕಾಣಬಹುದು. ಗಾಲಿ ಆಳೆತ್ತರ, ಅಚ್ಚು ದಿಮ್ಮಿಯಂಥದು, ಎಲ್ಲವೂ ಒಂದಕ್ಕೊಂದು ಬಿಗಿ. ಮಿಣಿ ಹಿಡಿದ ನೂರಾರು ಜನ ಅದನ್ನು ಎಳೆಯಬಲ್ಲರೇ ಹೊರತು ತಿರುಗಿಸಲಾರರು. ತಿರುಗಿಸುವವರು ಬೇರೆ. ಅವರು ಗಾಲಿಯ ಪಕ್ಕದಲ್ಲೇ ಮರದ ತುಂಡು ಹಿಡಿದು ಬಾಗಿ ನಡೆಯುತ್ತಿರುತ್ತಾರೆ. ತೇರು ಎಡಕ್ಕೆ ವಾಲಬೇಕೆಂದರೆ ಎಡಗಾಲಿಗೆ ತುಂಡು ಕೊಡುತ್ತಾರೆ. ಎಡ ತಡೆದು ಬಲ ಮುಂದೆ ಹೋಗುತ್ತದೆ, ತೇರು ನರಳುತ್ತ ಒಂದು ಗೇಣು ಓರೆಯಾಗುತ್ತದೆ. ಆಗ ಗಾಲಿ ಉರುಳುವುದಿಲ್ಲ, ನೆಲವನ್ನು ಉಜ್ಜಿಕೊಂಡು ಜಾರುತ್ತದೆ. ಅದರ ಸದ್ದು ಕೇಳಿದವರಿಗೆ ಅದು ಗೊತ್ತು. ಇಡೀ ಜಾತ್ರೆಯಲ್ಲಿ ಅತ್ಯಂತ ಅಪಾಯದ ಕೆಲಸ ಆ ನಾಲ್ಕೈದು ಜನರದು.

ಚಕ್ಕಡಿಗೆ ಈ ತೊಂದರೆ ಇಲ್ಲ. ಎರಡೇ ಗಾಲಿ, ಎತ್ತೇ ಚುಕ್ಕಾಣಿ. ಎತ್ತು ಹೊರಳಿದತ್ತ ನೊಗ ಹೊರಳುತ್ತದೆ, ನೊಗ ಹೊರಳಿದತ್ತ ಬಂಡಿ. ಇನ್ನು ಚುಕ್ಕಾಣಿ ಎಂಬ ಮಾತು ನೀರಿನದು, ರಸ್ತೆಯದಲ್ಲ. ರಾಣೇಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ, ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯ ನೆನಪಾಗದೆ ಇರುವುದಿಲ್ಲ. ಊರಿನ ಹೆಸರಿನಲ್ಲೇ ಅವನಿದ್ದಾನೆ. ನಮ್ಮ ಜಿಲ್ಲೆಯ ಮೊದಲ ಹೆಸರಾಂತ ಡ್ರೈವರ್ ಅವನೇ ಎಂದು ನಾನು ಗೆಳೆಯರ ನಡುವೆ ತಮಾಷೆ ಮಾಡುವುದುಂಟು. ಹುಟ್ಟು ತುಸು ಓರೆ ಹಿಡಿದರೆ ಸಾಕು, ನೀರು ದಾರಿ ಬಿಟ್ಟು ದೋಣಿಯನ್ನು ತಿರುಗಗೊಡುತ್ತದೆ. ಗಟ್ಟಿ ನೆಲಕ್ಕೆ ಆ ದೊಡ್ಡ ಮನಸ್ಸಿಲ್ಲ. ನಾಲ್ಕು ಗಾಲಿಯ ಗಾಡಿಯನ್ನು ನೆಲದ ಮೇಲೆ ಹೇಗೆ ತಿರುಗಿಸುವುದು ಎಂಬ ಪ್ರಶ್ನೆ ಮನುಷ್ಯನನ್ನು ಬಹಳ ಕಾಲ ಕಾಡಿದೆ.

ಯುರೋಪಿನ ಸಾರೋಟುಗಳು ಕಂಡುಕೊಂಡ ಉಪಾಯ ಸರಳ. ಮುಂದಿನ ಅಚ್ಚನ್ನು ನಡುಮಧ್ಯೆ ಒಂದೇ ಗೂಟದ ಮೇಲೆ ಕೂರಿಸಿ, ಇಡೀ ಅಚ್ಚನ್ನೇ ಕುದುರೆಯೊಂದಿಗೆ ತಿರುಗಲು ಬಿಟ್ಟರು. ಆದರೆ ಅಚ್ಚು ಪೂರ್ತಿ ಹೊರಳಿದಾಗ ಗಾಡಿಗೆ ಮುಂದಿನ ಆಸರೆ ಕಿರಿದಾಗಿ ಮಗುಚುತ್ತಿತ್ತು. ಒಂದು ಗಾಲಿಗೆ ಕಲ್ಲು ತಾಗಿದರೆ ಅಚ್ಚು ರಪ್ಪನೆ ತಿರುಗಿಬಿಡುತ್ತಿತ್ತು. ಮ್ಯೂನಿಕ್‌ನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ ಎಂಬುವನು 1816ರ ಸುಮಾರಿಗೆ ಬೇರೆ ದಾರಿ ಹಿಡಿದ. ಅಚ್ಚು ಅಲ್ಲಾಡುವುದು ಬೇಡ, ತುದಿಯಲ್ಲಿರುವ ಎರಡು ಗಾಲಿಗಳಷ್ಟೇ ತಂತಮ್ಮ ಗೂಟದ ಮೇಲೆ ತಿರುಗಲಿ, ಎರಡನ್ನೂ ಒಂದು ಸರಳಿನಿಂದ ಜೋಡಿಸೋಣ ಎಂದ. ತಿರುವಿನಲ್ಲಿ ಒಳಗಾಲಿಯದು ಸಣ್ಣ ಸುತ್ತು, ಹೊರಗಾಲಿಯದು ದೊಡ್ಡ ಸುತ್ತು. ಹಾಗಾಗಿ ಒಳಗಾಲಿ ಸ್ವಲ್ಪ ಹೆಚ್ಚು ಹೊರಳಬೇಕು. ಆಗ ಯಾವ ಗಾಲಿಯೂ ತೇರಿನ ಗಾಲಿಯಂತೆ ನೆಲ ಉಜ್ಜುವುದಿಲ್ಲ.

ಸಾಹಿತ್ಯ ಓದುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಇಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಈ ವ್ಯವಸ್ಥೆಯನ್ನು ಓದುವುದು ಲಾಂಕೆನ್ಸ್‌ಪೆರ್ಗರನ ಹೆಸರಿನಲ್ಲಲ್ಲ, ಆಕರ್‌ಮನ್ ಹೆಸರಿನಲ್ಲಿ. ರುಡಾಲ್ಫ್ ಆಕರ್‌ಮನ್ ಲಂಡನ್ನಿನ ಪುಸ್ತಕ ಪ್ರಕಾಶಕ. ಬಣ್ಣದ ಚಿತ್ರಗಳ ದೊಡ್ಡ ಪುಸ್ತಕಗಳನ್ನೂ ಒಂದು ಮಾಸಪತ್ರಿಕೆಯನ್ನೂ ತರುತ್ತಿದ್ದವನು. ಪುಸ್ತಕಕ್ಕೆ ಬರುವ ಮುಂಚೆ ಸಾರೋಟಿನ ವಿನ್ಯಾಸ ಮಾಡುತ್ತಿದ್ದ. ಜರ್ಮನ್ ಗೆಳೆಯನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಅವನು, ಹೆಸರು ಅವನಿಗೇ ಅಂಟಿತು. ಇವರಿಬ್ಬರಿಗಿಂತ ಸುಮಾರು ಅರವತ್ತು ವರ್ಷ ಮೊದಲೇ ಇದೇ ಉಪಾಯ ಹೊಳೆದದ್ದು ಎರಾಸ್ಮಸ್ ಡಾರ್ವಿನ್ ಎಂಬ ವೈದ್ಯನಿಗೆ. ಚಾರ್ಲ್ಸ್ ಡಾರ್ವಿನ್ನನ ಅಜ್ಜ, ಮೇಲಾಗಿ ಕವಿ. ಅವನು ಪೇಟೆಂಟಿನ ಗೋಜಿಗೇ ಹೋಗಲಿಲ್ಲ. ಒಬ್ಬ ಕವಿ, ಒಬ್ಬ ಬಡಗಿ, ಒಬ್ಬ ಪ್ರಕಾಶಕ. ಹೆಸರು ಉಳಿದದ್ದು ಪ್ರಕಾಶಕನದು. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ ಎಂದು ನಮ್ಮ ಲೇಖಕ ಮಿತ್ರರು ಹೇಳಿಯಾರು.

ಈ ಜಾಣತನಕ್ಕೆ ಒಂದು ಬೆಲೆ ತೆರಬೇಕಾಯಿತು. ಚಕ್ಕಡಿಯ ಗಾಲಿಗೆ ಒಂದು ಕಡೆಗೀಲು ಸಾಕು. ಗಾಲಿ ಕಳಚದಂತೆ ಅದು ಕಾಯುತ್ತದೆ, ಅಷ್ಟೇ. ಹೊಸ ವ್ಯವಸ್ಥೆಯಲ್ಲಿ ಗಾಲಿ ಉರುಳುವುದಲ್ಲದೆ ಹೊರಳಬೇಕು. ಹೊರಳಲು ಒಂದು ಕಿಂಗ್‌ಪಿನ್, ಕಿಂಗ್‌ಪಿನ್ನಿಗೆ ಬೇರಿಂಗು, ಅದನ್ನು ಎಳೆಯಲು ತೋಳು, ತೋಳುಗಳನ್ನು ಜೋಡಿಸಲು ಟೈರಾಡ್, ಟೈರಾಡಿನ ತುದಿಗೆ ಗುಂಡು. ಎಲ್ಲೆಲ್ಲಿ ಕೀಲೋ ಅಲ್ಲಲ್ಲಿ ಸವೆತ. ಮನುಷ್ಯನ ಮೊಣಕಾಲಿನ ಹಾಗೆ. ಸವೆತದಿಂದ ಸಡಿಲ, ಸಡಿಲದಿಂದ ನಡುಕ.

ನಮ್ಮ ಕಾಕಾನ ಜೀಪಿಗೆ ಬಂದದ್ದು ಈ ನಡುಕ. ಮೋಟೆಬೆನ್ನೂರಿನ ಹತ್ತಿರ ಅವರ ಹೊಲ. ಜೀಪು 1970ರ ದಶಕದ ಆರಂಭದ್ದು, ಎತ್ತರದ ಬಾನೆಟ್ಟಿನ ಪೆಟ್ರೋಲ್ ಗಾಡಿ, ಸ್ಟೇರಿಂಗು ಎಡಕ್ಕೆ. ಬ್ಯಾಡಗಿಗೆ ಮೆಣಸಿನಕಾಯಿ, ಮನೆಗೆ ಬೀಜ ಗೊಬ್ಬರ, ಮದುವೆಗೆ ಬೀಗರು, ಎಲ್ಲವನ್ನೂ ಹೊತ್ತಿದೆ. ಎರಡು ವರ್ಷದ ಹಿಂದೆ ಕಾಕಾನ ಮಗ ಅದಕ್ಕೆ ನೋಡಲು ಚೆಂದವೆಂದು ಅಗಲವಾದ ಟೈರು ಹಾಕಿಸಿದ. ಕಳೆದ ಸುಗ್ಗಿಯಲ್ಲಿ ಕಾಕಾ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾವೇರಿಗೆ ಹೊರಟಿದ್ದಾಗ, ಹೆದ್ದಾರಿಯ ಒಂದು ಸೇತುವೆಯ ಜೋಡಣೆಯ ಮೇಲೆ ಮುಂದಿನ ಗಾಲಿ ಕುಣಿಯಲು ಶುರುವಾಯಿತು. ಸ್ಟೇರಿಂಗು ಕೈಯಲ್ಲಿ ನಿಲ್ಲಲಿಲ್ಲ. ಹಿಂದೆ ಲಾರಿ. ಕಾಕಾ ಬ್ರೇಕನ್ನು ಜೋರಾಗಿ ಒತ್ತದೆ, ಗಟ್ಟಿಯಾಗಿ ಹಿಡಿದು, ನಿಧಾನ ಮಾಡುತ್ತ ಬದಿಗೆ ತಂದರು. ಗಾಡಿ ಬಹುತೇಕ ನಿಲ್ಲುವವರೆಗೂ ನಡುಕ ನಿಲ್ಲಲಿಲ್ಲವಂತೆ.

"ತಮ್ಮಾ, ಕೈಯಾಗ ನಾಗರಹಾವು ಹೆಡಿ ಆಡಿಸಿದಾಂಗ ಆತು ನೋಡು," ಅಂದರು ನನಗೆ. ಅಂದಿನಿಂದ ಆ ಹುಡುಗಿಯನ್ನು ಜೀಪಿಗೆ ಹತ್ತಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮಾರಿಬಿಡೋಣ ಎಂದು ಕಾಕು. ಪವರ್ ಸ್ಟೇರಿಂಗ್ ಹಾಕಿಸೋಣ ಎಂದು ಮಗ. ಇತಿಹಾಸದ ಪುಸ್ತಕಗಳಲ್ಲಿ ಕೈಯಾಡಿಸುವ ನನ್ನನ್ನು ಕಾಕಾ ಯಾಕೆ ಕರೆದರೋ, ಬಹುಶಃ ಜಗಳಕ್ಕೆ ಮೂರನೆಯವನು ಇರಲಿ ಎಂದು.

ಜೀಪಿನ ಕಥೆ ಬಹಳ ಜನಕ್ಕೆ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ ಗಾಡಿ. 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ದೇಶ ಇಬ್ಭಾಗವಾದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. ಆ ದಶಕದ ಕೊನೆಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವ ಕೆಲಸ ಆರಂಭವಾಯಿತು. ಆಗ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಲ್ಲವೂ ಧಾರವಾಡ ಜಿಲ್ಲೆಯಲ್ಲಿದ್ದವು, ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಹಾಗಾಗಿ ಒಂದರ್ಥದಲ್ಲಿ ಜೀಪು ನಮ್ಮ ರಾಜಧಾನಿಯಿಂದಲೇ ಬಂತು. ವಿಲ್ಲಿಸ್ 1953ರಲ್ಲಿ ಹೊರತಂದ ಸಿಜೆ-3ಬಿ ಮಾದರಿಯನ್ನು ಅಮೆರಿಕ ಮರೆತ ಮೇಲೂ ಮಹೀಂದ್ರ ದಶಕಗಟ್ಟಲೆ ತಯಾರಿಸಿತು. ಕಾಕಾನದು ಅದೇ. ಅಮೆರಿಕದ ರಸ್ತೆಗೆ ತಕ್ಕಂತೆ ಎಡಕ್ಕಿದ್ದ ಸ್ಟೇರಿಂಗನ್ನೂ ನಾವು ಬಹುಕಾಲ ಹಾಗೆಯೇ ಇಟ್ಟುಕೊಂಡೆವು. ಹಿಂದೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬರೆಸಿದ ಜೀಪುಗಳನ್ನು ನೋಡಿದವರು ಈಗಲೂ ಇದ್ದಾರೆ.

ಈ ಜೀಪಿನ ಮುಂದಿನ ಅಚ್ಚು ಇಡಿಯಾದದ್ದು. ಎಡಗಾಲಿಯಿಂದ ಬಲಗಾಲಿಯವರೆಗೆ ಒಂದೇ ಉಕ್ಕಿನ ತೊಲೆ, ಅದಕ್ಕೆ ಕಮಾನು ಪಟ್ಟಿಗಳು. ಸ್ಟೇರಿಂಗಿನ ಪೆಟ್ಟಿಗೆಯಿಂದ ಒಂದು ಸರಳು ಬಂದು ಚೇಸಿಯ ನಡುವೆ ಕೂತ ಒಂದು ತಿರುಗುವ ತೋಳನ್ನು ದೂಡುತ್ತದೆ. ಬೆಲ್ ಕ್ರ್ಯಾಂಕ್ ಎಂದು ಅದರ ಪುಸ್ತಕದ ಹೆಸರು. ಅಲ್ಲಿಂದ ಎರಡು ಟೈರಾಡ್ ಎರಡು ಗಾಲಿಗೆ. ಎಣಿಸಿದರೆ ಕೈಯಿಂದ ಗಾಲಿಗೆ ಹೋಗುವಷ್ಟರಲ್ಲಿ ಹತ್ತರ ಹತ್ತಿರ ಕೀಲುಗಳು. ಒಂದೊಂದರಲ್ಲಿ ಒಂದು ಕೂದಲೆಳೆ ಸಡಿಲವಿದ್ದರೆ ಕೊನೆಗೆ ಬೆರಳಗಲ.

ಪೆಟ್ಟಿಗೆ ರಾಸ್ ಎಂಬ ಕಂಪನಿಯ ವಿನ್ಯಾಸ. ಅಮೆರಿಕದ ಇಂಡಿಯಾನಾ ರಾಜ್ಯದ ಲಫಾಯೆಟ್ ಊರಿನಲ್ಲಿ ಡೇವಿಡ್ ರಾಸ್ 1906ರಲ್ಲಿ ಸ್ಥಾಪಿಸಿದ್ದು. ಒಳಗೆ ಒಂದು ದಂಡಕ್ಕೆ ಬಳ್ಳಿಯಂತೆ ಸುತ್ತಿದ ಕಾಲುವೆ. ಆ ಕಾಲುವೆಯಲ್ಲಿ ಎರಡು ಮೊಂಡು ಗೂಟ. ದಂಡ ತಿರುಗಿದರೆ ಗೂಟ ಕಾಲುವೆಗುಂಟ ಜರುಗುತ್ತದೆ, ಅದರೊಂದಿಗೆ ತೋಳು. ಇದರಲ್ಲಿ ಉರುಳುವುದು ಏನೂ ಇಲ್ಲ, ಎಲ್ಲ ಉಜ್ಜುವುದೇ. ಗಾಡಿ ಹೆಚ್ಚು ಓಡುವುದು ನೇರಕ್ಕೆ, ಹಾಗಾಗಿ ಕಾಲುವೆಯ ನಡುಭಾಗ ಮೊದಲು ಸವೆಯುತ್ತದೆ. ಅದಕ್ಕೇ ಹಳೆಯ ಜೀಪಿನ ಸ್ಟೇರಿಂಗು ತಿರುವಿನಲ್ಲಿ ಬಿಗಿ, ನೇರದಲ್ಲಿ ಸಡಿಲ. ಮೇಲಿನ ತಿರುಪು ಬಿಗಿದು ನಡುವಿನ ಸಡಿಲ ತೆಗೆಯಹೋದರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅನುಭವವಿಲ್ಲದ ಮೆಕ್ಯಾನಿಕ್ಕುಗಳು ಮೊದಲು ಕೈಹಾಕುವುದು ಆ ತಿರುಪಿಗೇ.

ಈಗ ನಡುಕದ ಚರಿತ್ರೆಗೆ ಬರೋಣ. ಇದು ನಮ್ಮೂರಿನ ಹಳೇ ಜೀಪಿನ ರೋಗವಷ್ಟೇ ಅಲ್ಲ. ಸುಮಾರು ನೂರು ವರ್ಷದ ಹಿಂದೆ ಇದು ಜಗತ್ತಿನ ದುಬಾರಿ ಕಾರುಗಳ ರೋಗವಾಗಿತ್ತು. 1920ರ ದಶಕದ ಮೊದಲವರೆಗೆ ಟೈರುಗಳು ಕಿರಿದು, ಗಾಳಿ ಬಿರುಸು, ಬ್ರೇಕು ಹಿಂದಿನ ಗಾಲಿಗೆ ಮಾತ್ರ. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ದಪ್ಪನೆಯ, ಕಡಿಮೆ ಗಾಳಿಯ ಬಲೂನ್ ಟೈರು ತಂದಿತು. ಅದೇ ಹೊತ್ತಿಗೆ ಮುಂದಿನ ಗಾಲಿಗೂ ಬ್ರೇಕು ಬಂತು. ಸವಾರಿ ಮೆತ್ತಗಾಯಿತು, ನಿಲ್ಲಿಸುವುದು ಸುಲಭವಾಯಿತು, ಆದರೆ ಗಾಲಿ ಭಾರವಾಯಿತು, ರಬ್ಬರು ಮೆದುವಾಯಿತು. ಕಾರುಗಳು ಮುಂಗಾಲು ಕುಣಿಸತೊಡಗಿದವು. ಆಗ ಜನಪ್ರಿಯವಾಗಿದ್ದ, ಭುಜ ಅಲುಗಿಸುವ ಒಂದು ಕುಣಿತದ ಹೆಸರನ್ನೇ ಇಂಜಿನಿಯರುಗಳು ಅದಕ್ಕಿಟ್ಟರು: ಶಿಮ್ಮಿ. ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಬ್ರೂಲಿಯೆ 1925ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧದಲ್ಲಿ ಶಿಮ್ಮಿಯ ಜತೆಗೆ ಇನ್ನೊಂದು ಮಾತನ್ನೂ ಸೇರಿಸಿದ. ಅದರ ಅರ್ಥ ಹೆಚ್ಚುಕಡಿಮೆ ಬಾತುಕೋಳಿ ನಡಿಗೆ. ಅಂದರೆ ಎರಡು ಚಲನೆ: ಗಾಲಿ ಎಡಬಲಕ್ಕೆ ತಲೆ ಅಲ್ಲಾಡಿಸುವುದು ಒಂದು, ಅಚ್ಚು ಮೇಲೆ ಕೆಳಗೆ ತೊನೆಯುವುದು ಇನ್ನೊಂದು. ಇವೆರಡೂ ಒಂದನ್ನೊಂದು ಎಬ್ಬಿಸುತ್ತವೆ.

ಹೇಗೆ ಎಂಬುದನ್ನು ಅರಿಯಲು ಮನೆಯಲ್ಲಿ ಒಂದು ಸೈಕಲ್ ಗಾಲಿ ಇದ್ದರೆ ಸಾಕು. ಗಾಲಿಯ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ಯಾರಾದರೂ ಅದನ್ನು ಜೋರಾಗಿ ತಿರುಗಿಸಲಿ. ಈಗ ಒಂದು ಕೈಯನ್ನು ಮೇಲಕ್ಕೆತ್ತಿ. ಗಾಲಿ ನೀವು ಹೇಳಿದಂತೆ ವಾಲುವುದಿಲ್ಲ, ನಿಮ್ಮ ಕೈ ತಿರುಚಿಕೊಂಡು ಪಕ್ಕಕ್ಕೆ ಹೊರಳುತ್ತದೆ. ಮೊದಲ ಸಲ ಮಾಡಿದವರು ಬೆಚ್ಚುತ್ತಾರೆ. ಬುಗುರಿ ಬೀಳದೆ ನಿಲ್ಲುವುದೂ ಈ ಗುಣದಿಂದಲೇ. ಜೀಪಿನ ಎಡಗಾಲಿ ಒಂದು ಉಬ್ಬು ಹತ್ತಿತು ಎನ್ನಿ. ಅಚ್ಚು ಇಡಿಯಾದದ್ದರಿಂದ ಎರಡೂ ಗಾಲಿ ವಾಲುತ್ತವೆ. ವಾಲಿದ ತಕ್ಷಣ ಎರಡೂ ಹೊರಳಲು ನೋಡುತ್ತವೆ. ಹೊರಳಿದರೆ ಅಚ್ಚು ಮತ್ತೆ ತೊನೆಯುತ್ತದೆ. ಕೀಲುಗಳು ಬಿಗಿಯಿದ್ದರೆ ಇದು ಎರಡು ಸುತ್ತಿನಲ್ಲಿ ಸತ್ತುಹೋಗುತ್ತದೆ. ಸಡಿಲವಿದ್ದರೆ ಬೆಳೆಯುತ್ತದೆ.

ವೇಗದ ಮಾತೂ ಇಲ್ಲಿದೆ. ಹಳೆಯ ಜೀಪಿನ 6.00-16 ಟೈರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಏಳು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಗಾಲಿಯಲ್ಲಿ ಒಂದು ಬದಿ ಕೆಲವು ಗ್ರಾಂ ಹೆಚ್ಚಿದ್ದರೆ ಸೆಕೆಂಡಿಗೆ ಏಳು ಬಾರಿ ಒಂದೊಂದು ಗುದ್ದು. ಅಚ್ಚಿಗೂ ಕಮಾನು ಪಟ್ಟಿಗೂ ತಮ್ಮದೇ ಆದ ತೂಗಾಟದ ಲಯವಿದೆ. ಪಂಚಮಿಯ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಒಂದು ಬೆರಳಿನಿಂದ ದೂಡಿದರೂ ಅದು ಮಾವಿನ ಕೊಂಬೆಗೆ ಮುಟ್ಟುತ್ತದಲ್ಲ, ಹಾಗೆ. ನಲವತ್ತರಲ್ಲಿ ಇಲ್ಲದ, ಅರವತ್ತರಲ್ಲಿ ಬರುವ ನಡುಕದ ಗುಟ್ಟು ಇದು.

ಅಮೆರಿಕದ ಕಾರುಗಳು ಈ ರೋಗದಿಂದ ಪಾರಾದದ್ದು ಅಚ್ಚನ್ನೇ ತುಂಡರಿಸಿ. ರೋಲ್ಸ್ ರಾಯ್ಸ್‌ನಲ್ಲಿ ದುಡಿದು 1930ರಲ್ಲಿ ಕ್ಯಾಡಿಲಾಕ್ ಸೇರಿದ ಮಾರಿಸ್ ಆಲಿ ಎಂಬ ಇಂಗ್ಲಿಷ್ ಇಂಜಿನಿಯರ್, ಇಡಿ ಅಚ್ಚು ಇರುವವರೆಗೆ ಸವಾರಿಯನ್ನು ಮೆದು ಮಾಡಿದಷ್ಟೂ ಶಿಮ್ಮಿ ಹೆಚ್ಚುತ್ತದೆ ಎಂದು ಪಟ್ಟುಹಿಡಿದ. 1934ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಎಡ ಬಲ ಗಾಲಿಗಳನ್ನು ಬೇರೆಬೇರೆ ತೂಗುವ ವ್ಯವಸ್ಥೆ ತಂದಿತು. ಎಡಗಾಲಿ ಗುಂಡಿಗೆ ಇಳಿದರೆ ಬಲಗಾಲಿಗೆ ಅದರ ಸುದ್ದಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ 1948ರ ಮಾರಿಸ್ ಮೈನರ್ ಕಾರಿಗೆ ಇದನ್ನೂ ಕೊಟ್ಟು, ಸ್ಟೇರಿಂಗಿಗೆ ಹಲ್ಲಿನ ಪಟ್ಟಿ ಮತ್ತು ಹಲ್ಲಿನ ಗಾಲಿಯ ಸರಳ ಜೋಡಿಯನ್ನೂ ಕೊಟ್ಟ. ಅದೇ ಮನೆತನದ ಮಾರಿಸ್ ಆಕ್ಸ್‌ಫರ್ಡ್ ನಮ್ಮಲ್ಲಿಗೆ ಬಂದು ಅಂಬಾಸಿಡರ್ ಆಯಿತು. 2014ರ ಮೇ ತಿಂಗಳವರೆಗೂ ಉತ್ತರಪಾರಾದಲ್ಲಿ ತಯಾರಾಯಿತು. ಹಳೆಯ ಅಂಬಾಸಿಡರೂ ನಡುಗುತ್ತದೆ, ಆದರೆ ಅದರ ನಡುಕ ಹೆಚ್ಚಾಗಿ ಟೈರಿನದು ಅಥವಾ ಗಾಲಿ ಹೊರಳುವ ಪಿನ್ನಿನದು, ದೂಳು ಸೇರಿ ಗ್ರೀಸ್ ಕಾಣದೆ ಸವೆದದ್ದು. ಜೀಪಿನಂತೆ ಎರಡು ಗಾಲಿ ಸೇರಿ ಸಂಚು ಹೂಡುವುದಿಲ್ಲ. ಒಂದೇ ಕಾಲದಲ್ಲಿ ನಮ್ಮ ರಸ್ತೆಯಲ್ಲಿ ಓಡಿದ ಇವೆರಡರಲ್ಲಿ ಒಂದು ಶಿಮ್ಮಿ ಯುಗದ ಆಚೆಯದು, ಇನ್ನೊಂದು ಈಚೆಯದು. ಹೊಲದ ಏರಿ, ಹಳ್ಳ, ಕೆಸರಿಗೆ ಇಡಿ ಅಚ್ಚೇ ಗಟ್ಟಿ ಎಂಬುದೂ ನಿಜ. ಅದಕ್ಕೇ ಜೀಪು ಅದನ್ನು ಬಿಡಲಿಲ್ಲ.

ಹಾಗಾದರೆ ಐವತ್ತು ವರ್ಷ ಸುಮ್ಮನಿದ್ದ ಜೀಪು ಈಗ ಯಾಕೆ ಕುಣಿಯಿತು? ನನ್ನ ಉತ್ತರ: ಅರ್ಧ ಸವೆತ, ಅರ್ಧ ರಸ್ತೆ. ಹಳೆಯ ಪುಣೆ-ಬೆಂಗಳೂರು ರಸ್ತೆ ಎದುರುಬದುರು ಲಾರಿಗಳ, ಹುಣಸೆ ಮರದ ಸಾಲಿನ ರಸ್ತೆ. ಅಲ್ಲಿ ಜೀಪು ನಲವತ್ತು ನಲವತ್ತೈದು ದಾಟುತ್ತಿದ್ದುದು ಅಪರೂಪ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅದೇ ರಸ್ತೆ ಅಗಲವಾಗಿ, ರಾಷ್ಟ್ರೀಯ ಹೆದ್ದಾರಿ 4 ಎಂಬ ಹೆಸರು ಹೋಗಿ 48 ಆಗಿ, ಅದರ ಮೇಲೆ ಅರವತ್ತರಲ್ಲಿ ಹೋದರೂ ಹಿಂದಿನವರು ಹಾರ್ನ್ ಹೊಡೆಯುವಂತಾಯಿತು. ಜೀಪಿನ ಕೀಲುಗಳಲ್ಲಿ ಇಷ್ಟು ವರ್ಷ ಮಲಗಿದ್ದ ರೋಗವನ್ನು ರಸ್ತೆ ಎಬ್ಬಿಸಿತು. ಅಗಲ ಟೈರು ಅದಕ್ಕೆ ತುಪ್ಪ ಸುರಿಯಿತು. ಹೊರಕ್ಕೆ ಚಾಚಿದ ಅಗಲ ಗಾಲಿಗೆ ಕಲ್ಲು ತಾಗಿದರೆ ಕಿಂಗ್‌ಪಿನ್ನಿನ ಮೇಲೆ ಬೀಳುವ ತಿರುಚು ಹೆಚ್ಚು.

ಕಾಕಾ ಮೊದಲು ತೋರಿಸಿದ ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ ಹಾಕೋಣ ಎಂದಿದ್ದರಂತೆ. ಅದು ಟೈರಾಡಿಗೆ ಅಡ್ಡಲಾಗಿ ಕೂರಿಸುವ ಒಂದು ಶಾಕ್ ಅಬ್ಸಾರ್ಬರ್. ಒಳ್ಳೆಯ ಸಾಧನವೇ, ಎಷ್ಟೋ ಗಾಡಿಗೆ ಕಂಪನಿಯಿಂದಲೇ ಬರುತ್ತದೆ. ಆದರೆ ರಾಣೇಬೆನ್ನೂರಿನ ಮುದುಕ ಮಿಸ್ತ್ರಿ ಒಪ್ಪಲಿಲ್ಲ. "ಯಜಮಾನ್ರ, ಜಡ್ಡು ಎಲ್ಲೈತಿ ಅಂತ ನೋಡದ ಗುಳಿಗಿ ನುಂಗಿಸಿದ್ರ ಹೆಂಗ್ರೀ? ನೋವು ನಿಂತಾಂಗ ಕಾಣತೈತಿ, ಒಳಗ ಎಲುಬು ಸವದಿರತೈತಿ." ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತದೆ, ಟೈರಾಡಿನ ಗುಂಡು ಸವೆಯುವುದು ಅಡಗುವುದಿಲ್ಲ. ಒಂದು ದಿನ ಗುಂಡು ಕಳಚಿದರೆ ಗಾಲಿ ತನ್ನ ದಾರಿ ಹಿಡಿಯುತ್ತದೆ.

ಆಮೇಲಿನ ಎರಡು ದಿನ ನಾನು ಆ ಗ್ಯಾರೇಜಿನ ಕಟ್ಟೆಯ ಮೇಲೆ ಕೂತು ನೋಡಿದೆ. ಮೊದಲು ಅವರು ಯಾವುದನ್ನೂ ಬಿಚ್ಚಲಿಲ್ಲ. ಹುಡುಗನೊಬ್ಬನನ್ನು ಸೀಟಿಗೆ ಕೂರಿಸಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಗೇಣಿನಷ್ಟು ಆಡಿಸಲು ಹೇಳಿ, ತಾವು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟರು. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದಂತೆ. ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿದ್ದರು. ಬೆಲ್ ಕ್ರ್ಯಾಂಕಿನ ಹತ್ತಿರ ಬಂದಾಗ "ಹಾಂ" ಎಂದರು. ಆಮೇಲೆ ಜ್ಯಾಕ್ ಕೊಟ್ಟು ಗಾಲಿ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲುಗಿಸಿದರು. ಆಡಿತು. ಹುಡುಗನಿಗೆ ಬ್ರೇಕು ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಿಸಿದರು. ಆಗಲೂ ಆಡಿತು. ಬ್ರೇಕು ಹಿಡಿದಾಗ ನಿಂತರೆ ತಪ್ಪು ಹಬ್ಬಿನ ಬೇರಿಂಗಿನದು, ಆಗಲೂ ಆಡಿದರೆ ಕಿಂಗ್‌ಪಿನ್ನಿನದು. ಎಷ್ಟು ಅಚ್ಚುಕಟ್ಟಾದ ತರ್ಕ!

ಬಿಚ್ಚಿದಾಗ ಕಿಂಗ್‌ಪಿನ್ನಿನ ಕೆಳಗಿನ ಬೇರಿಂಗಿನ ಬಟ್ಟಲಿನಲ್ಲಿ ರೋಲರುಗಳು ಒತ್ತಿ ಕುಳಿ ಮಾಡಿದ್ದವು, ಇಡ್ಲಿ ತಟ್ಟೆಯಂತೆ. ಮೇಲಿನ ಮುಚ್ಚಳದ ಕೆಳಗೆ ತೆಳು ತಗಡಿನ ಶಿಮ್ಮುಗಳಿರುತ್ತವೆ. ಒಂದೊಂದು ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ. ಜೀಪಿನ ಗಾಲಿ ಸ್ವಲ್ಪ ಬಿಗಿಯಾಗಿಯೇ ಹೊರಳಬೇಕು, ಆ ಬಿಗಿಯೇ ಅದರ ನಿಜವಾದ ಡ್ಯಾಂಪರ್. ಟೈರಾಡ್ ಕಳಚಿ, ತೋಳಿನ ತುದಿಗೆ ಕೊಕ್ಕೆಯ ತೂಕದ ಕಾಟಾ ಸಿಕ್ಕಿಸಿ ಎಳೆದು, ಎಷ್ಟು ಎಳೆತಕ್ಕೆ ಹೊರಳುತ್ತದೆ ಎಂದು ನೋಡಿ ಶಿಮ್ಮು ಕೂಡಿಸಿ ಕಳೆದರು. ಮೆಣಸಿನಕಾಯಿ ಚೀಲ ತೂಗಿದ್ದ ಕಾಟಾ ಅದು. ಕಾಕಾ ತಮ್ಮ ಜೀಪಿನಿಂದಲೇ ತೆಗೆದುಕೊಟ್ಟಿದ್ದರು.

ಬೆಲ್ ಕ್ರ್ಯಾಂಕಿನ ಪಿನ್ನು ಅಂಡಾಕಾರವಾಗಿತ್ತು. ಹೊಸದು ಸಿಗಲಿಲ್ಲ, ಹತ್ತಿರದ ಲೇಥಿನಲ್ಲಿ ಹೊಸ ಪಿನ್ನು, ಬುಷ್ ಕಡೆಸಿದರು. ನಾಲ್ಕೂ ಟೈರಾಡ್ ಗುಂಡು ಹೊಸವು. ಅಗಲ ಟೈರು ತೆಗೆದು ಹಳೆಯ ಅಳತೆಯವನ್ನು ಹಾಕಿ ಬ್ಯಾಲೆನ್ಸ್ ಮಾಡಿಸಿದರು. ಕಾಕಾನ ಮಗನ ಮುಖ ಸಣ್ಣದಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತದೆ. ಅದರಿಂದಲೇ ಕೈಬಿಟ್ಟು ಸೈಕಲ್ ಹೊಡೆಯಬಹುದು. ಕಾರಿನ ಕಿಂಗ್‌ಪಿನ್ನಿಗೂ ಆ ವಾಲು ಬೇಕು, ಕ್ಯಾಸ್ಟರ್ ಎನ್ನುತ್ತಾರೆ. ವಿಲ್ಲಿಸ್ ಕೊಟ್ಟ ಅಳತೆ 3 ಡಿಗ್ರಿ. ದಶಕಗಳ ಹೊರೆಗೆ ಕಮಾನು ಪಟ್ಟಿ ಕುಸಿದು ಅಚ್ಚು ಮುಂದಕ್ಕೆ ಹೊರಳಿದರೆ ಆ ವಾಲು ಕರಗುತ್ತದೆ, ಗಾಲಿಗೆ ನೇರ ಹೋಗುವ ಬುದ್ಧಿ ತಪ್ಪುತ್ತದೆ. ಅದಕ್ಕೆ ಮದ್ದು, ಪಟ್ಟಿಗೂ ಅಚ್ಚಿಗೂ ನಡುವೆ ಕೊಡುವ ತೆಳು ಉಕ್ಕಿನ ಬೆಣೆ. ಬೆಣೆಯ ದಪ್ಪ ತುದಿ ಯಾವ ಕಡೆಗೆ ಎಂಬುದರ ಮೇಲೆ ಎಲ್ಲವೂ ನಿಂತಿದೆ, ತಿರುಗಾಮುರುಗಾ ಆದರೆ ನಡುಕ ಇಮ್ಮಡಿ. ಕೊನೆಗೆ ಎರಡು ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ಕೂದಲೆಳೆ ಒಳಕ್ಕಿರಬೇಕು: ಒಂದೂಕಾಲರಿಂದ ಎರಡೂವರೆ ಮಿಲಿಮೀಟರಿನೊಳಗೆ. ಮಿಸ್ತ್ರಿ ಗಾಲಿ ಎತ್ತಿ ತಿರುಗಿಸಿ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಟೇಪು ಹಿಡಿದು ಮುಂದೊಮ್ಮೆ ಹಿಂದೊಮ್ಮೆ ಅಳೆದರು. ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿ ಅದೇ ರಸ್ತೆಯಲ್ಲಿತ್ತು. ಅದರ ಪರದೆಯಲ್ಲಿ ಈ ಗಾಡಿಯ ಹೆಸರೇ ಇಲ್ಲವಂತೆ.

ಪವರ್ ಸ್ಟೇರಿಂಗಿನ ಜಗಳ ಉಳಿದಿತ್ತು. ಕಾಕಾನ ಮಗ ಹುಬ್ಬಳ್ಳಿಯ ಗುಜರಿಯಿಂದ ಬೊಲೆರೊದ ಒಂದು ಪೆಟ್ಟಿಗೆಯನ್ನು ಆಗಲೇ ತಂದಿಟ್ಟಿದ್ದ. ನಾನು ಅವನ ಪರವೂ ಸ್ವಲ್ಪ ಇದ್ದೇನೆ. ಹಳೆಯದೆಲ್ಲ ಹಾಗೆಯೇ ಇರಬೇಕು ಎಂಬುದು ದಿನಾ ಓಡಿಸದವರ ಮಾತು. ಅಮೆರಿಕದಲ್ಲೇ 1972ರಲ್ಲಿ ಜೀಪಿನವರು ರಾಸ್ ಪೆಟ್ಟಿಗೆ ಬಿಟ್ಟು, ಉಜ್ಜುವ ಬದಲು ಉಕ್ಕಿನ ಗುಂಡುಗಳು ಉರುಳುವ ಪೆಟ್ಟಿಗೆಗೆ ಹೋದರು. ಕಾಕಾನಿಗೆ ಎಪ್ಪತ್ತು ದಾಟಿದೆ, ಬಲಭುಜ ನೋಯುತ್ತದೆ. ರಾಸ್ ಕಂಪನಿಯೂ ಮುಂದೆ ಟಿಆರ್‌ಡಬ್ಲ್ಯೂ ಎಂಬ ಸಂಸ್ಥೆಯೊಳಗೆ ಸೇರಿಹೋಯಿತು. ಅದೇ ಟಿಆರ್‌ಡಬ್ಲ್ಯೂ ಚೆನ್ನೈನ ರಾಣೆ ಕಂಪನಿಯೊಂದಿಗೆ ಕೂಡಿ ನಮ್ಮ ದೇಶಕ್ಕೆ ಪವರ್ ಸ್ಟೇರಿಂಗುಗಳನ್ನು ಮಾಡಿತು. (ರಾಣೆಗೂ ರಾಣೇಬೆನ್ನೂರಿಗೂ ನಂಟಿಲ್ಲ, ಹುಡುಕಬೇಡಿ.) ಹಾಗೆ ನೋಡಿದರೆ ಪವರ್ ಸ್ಟೇರಿಂಗು ರಾಸ್ ಪೆಟ್ಟಿಗೆಗೆ ದೂರದ ಸಂಬಂಧಿಯೇ.

ಆದರೆ ಮಿಸ್ತ್ರಿಯ ಒಂದು ಮಾತು ನನಗೆ ಹಿಡಿಸಿತು. "ಪವರ್ ಹಾಕಿದ್ರ ನಡುಕ ಕೈಗೆ ಗೊತ್ತಾಗೂದಿಲ್ರೀ ಸರ, ಗಾಲಿಗೆ ಗೊತ್ತಾಗತೈತಿ." ಸವೆದ ಕೀಲಿನ ಮೇಲೆ ಎಣ್ಣೆಯ ಒತ್ತಡ ಕೂರಿಸಿದರೆ, ಮೊದಲು ಎಚ್ಚರಿಸುತ್ತಿದ್ದ ಸ್ಟೇರಿಂಗು ಮೂಕವಾಗುತ್ತದೆ. ಕೀಲು ಸರಿಪಡಿಸಿ ಆಮೇಲೆ ಪವರ್ ಹಾಕುವುದಾದರೆ ಹಾಕಲಿ ಎಂಬುದು ಅವರ ನಿಲುವು. ಅದಕ್ಕೂ ಚೇಸಿ ಕೊರೆದು ವೆಲ್ಡಿಂಗ್ ಮಾಡಬೇಕು, ಹಳೆಯ ಎಂಜಿನ್ನಿಗೆ ಪಂಪ್ ಕೂರಿಸಲು ಹೊಸ ಪುಲ್ಲಿ ಬೇಕು. ಇಲ್ಲಿ ಕಾನೂನು ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕಿಂತ ನೋಂದಣಿಯ ವಿವರ ಬೇರೆಯಾಗುವಂಥ ಮಾರ್ಪಾಡು ಬೇಡ ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಸ್ಟೇರಿಂಗಿನ ಕಾಲಮ್ಮೇ ಇಲ್ಲ ಎಂದು ಮಗನ ವಾದ.

ಇನ್ನೊಂದು ದಾರಿ 2021ರಲ್ಲಿ ತೆರೆಯಿತು. ಐವತ್ತು ವರ್ಷ ದಾಟಿದ, ಚೇಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಕಾಣದ ಗಾಡಿಯನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ 'ವಿಎ' ಎಂದು ಬರುತ್ತದೆ. ಕಾಕಾನ ಜೀಪು ಆ ವಯಸ್ಸಿಗೆ ಬಂದಿದೆ, ಎಂಜಿನ್ನೂ ಮೂಲದ್ದೇ. ಊರಿನ ಎಷ್ಟೋ ಜೀಪುಗಳು ಮಟಾಡೋರ್ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಆ ಅವಕಾಶ ಕಳೆದುಕೊಂಡಿವೆ. ಆದರೆ ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲಿಗಷ್ಟೇ ರಸ್ತೆಗೆ ತರಬಹುದು. ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗುವಂತಿಲ್ಲ. ಕಾಕಾ ಇದನ್ನು ಕೇಳಿ ನಕ್ಕುಬಿಟ್ಟರು. "ಎತ್ತಿಗೆ ಝೂಲಾ ಹಾಕಿ ಗ್ವಾದ್ಲಿಗೆ ಕಟ್ಟಿದಾಂಗ ಆತಲೋ." ಹಾಗಾಗಿ ಅವರು ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾರೆ, 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆದದ್ದಕ್ಕೆ ಬೈಯುತ್ತ. ಚೇಸಿ ಕೊರೆಯಲು ಮಾತ್ರ ಅವರಿಗೆ ಮನಸ್ಸಿಲ್ಲ. ಮುಂದೆ ಮಗನೋ ಮೊಮ್ಮಗಳೋ ಅದನ್ನು ವಿಂಟೇಜ್ ಮಾಡಿಸಬೇಕೆಂದರೆ ದಾರಿ ಇರಲಿ ಎನ್ನುತ್ತಾರೆ.

ರಾಸ್ ಪೆಟ್ಟಿಗೆಯನ್ನು ಬಿಚ್ಚಿ ಗೂಟಗಳನ್ನು ಬದಲಿಸಿ, ಎಣ್ಣೆ ತುಂಬಿ, ಗಾಲಿ ನೇರಕ್ಕಿಟ್ಟು ತಿರುಪು ಬಿಗಿದದ್ದಾಯಿತು. ಮೂರನೆಯ ದಿನ ಕಾಕಾ ರಾಣೇಬೆನ್ನೂರಿನಿಂದ ಮೋಟೆಬೆನ್ನೂರಿಗೆ ಓಡಿಸಿದರು, ನಾನು ಪಕ್ಕದಲ್ಲಿ. ಐವತ್ತು, ಐವತ್ತೈದು, ಅರವತ್ತು. ಸೇತುವೆಯ ಜೋಡಣೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಒಂದು ಸಲ ದಡಕ್ ಎಂದಿತು. ಸ್ಟೇರಿಂಗು ಅವರ ಕೈಯಲ್ಲಿ ಒಮ್ಮೆ ಮಿಡುಕಿ ಸುಮ್ಮನಾಯಿತು. ಅರವತ್ತೈದರವರೆಗೆ ಹೋಗಿ, "ಸಾಕು, ಇದರ ವಯಸ್ಸಿಗೆ ಇಷ್ಟ ಸಾಕು," ಎಂದು ಕಾಲು ತೆಗೆದರು.

ತಿರುಗಿಸುವುದು ಮಾತ್ರ ಈಗಲೂ ಭಾರ. ಬ್ಯಾಡಗಿ ಪೇಟೆಯ ಇಕ್ಕಟ್ಟಿನಲ್ಲಿ ಚೀಲ ಹೇರಿಕೊಂಡು ಹಿಂದೆ ಮುಂದೆ ಮಾಡುವಾಗ ಭುಜ ಹಿಡಿದುಕೊಳ್ಳುತ್ತದೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಬೊಲೆರೊದ ಪೆಟ್ಟಿಗೆ ಗೋಣಿಚೀಲದಲ್ಲಿ ಸುತ್ತಿಕೊಂಡು ಮೆಣಸಿನಕಾಯಿ ಕೋಣೆಯಲ್ಲಿದೆ. ಚೇಸಿ ಕೊರೆಯದೆ, ಈಗಿರುವ ತೂತುಗಳಿಗೇ ಪಟ್ಟಿ ಕಟ್ಟಿ ಅದನ್ನು ಕೂರಿಸಲು ಬರುತ್ತದೆಯೇ ಎಂದು ಮಿಸ್ತ್ರಿ ರಟ್ಟಿನ ಅಳತೆ ಕತ್ತರಿಸಿಕೊಂಡು ಹೋಗಿದ್ದಾರಂತೆ. ಮೊಮ್ಮಗಳು ಮತ್ತೆ ಜೀಪು ಹತ್ತುತ್ತಿದ್ದಾಳೆ.